ಗಂಡ ಮನೆಯಲ್ಲಿದ್ದರೆ ಮಾತ್ರ ಶುರುವಾಗುವ ಕಂಪ್ಯೂಟರ್

ಆ ಬೀದಿಯವರಿಗೆಲ್ಲ ಅವಳು ಡಿಟಿಪಿ ಅಕ್ಕ. ಕೈಬರಹದ ಹಾಳೆಗಳನ್ನು ಟೈಪ್ ಮಾಡಿ, ಪುಟ ಕಟ್ಟಿ, ಅಚ್ಚಿಗೆ ಸಿದ್ಧ ಮಾಡಿ ಕೊಡುವುದು ಅವಳ ಕಸುಬು. ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ವರದಿ, ನಿವೃತ್ತರಾದ ಮೇಲೆ ಕವಿಗಳಾದವರ ಪದ್ಯಗಳು, ಎಲ್ಲವೂ ಅವಳ ಬೆರಳ ಕೆಳಗೆ ಹಾದುಹೋಗಿವೆ. ಕೆಲವರ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ. ಬರೆದವರಿಗೇ ಓದಲು ಬಾರದ್ದನ್ನು ಅವಳು ಓದಿಬಿಡುತ್ತಾಳೆ. ಮಲಗುವ ಕೋಣೆಯ ಕಿಟಕಿಗೆ ಒತ್ತಿಕೊಂಡ ಮೇಜು, ಮೇಜಿನ ಕೆಳಗೆ ಕಂಪ್ಯೂಟರಿನ ಪೆಟ್ಟಿಗೆ, ಪಕ್ಕದ ಮಂಚದ ಮೇಲೆ ಇಸ್ತ್ರಿಗೆ ಕಾದು ಕೂತ ಬಟ್ಟೆ. ಇದಿಷ್ಟು ಅವಳ ಆಫೀಸು.

ಗಂಡನದು ಕಂಪ್ಯೂಟರ್ ರಿಪೇರಿ ಅಂಗಡಿ. ಕೆಲಸದಲ್ಲಿ ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನದೊಂದು ಸಿದ್ಧಾಂತವಿದೆ: ಯಂತ್ರ ತಾನಾಗಿ ಕೆಡುವುದಿಲ್ಲ, ಜನ ಕೆಡಿಸುತ್ತಾರೆ. ಗಿರಾಕಿ ಬಾಯಿ ತೆರೆಯುವ ಮೊದಲೇ “ಏನ್ ಒತ್ತಿದ್ರಿ?” ಎಂದು ಕೇಳುತ್ತಾನೆ. ಇನ್ನೊಂದು ಅಭ್ಯಾಸವೂ ಇದೆ. ಯಾವ ಕಂಪ್ಯೂಟರಿನ ಮುಂದೆ ಕೂರುವುದಕ್ಕೂ ಮೊದಲು ಕೀಲಿಗೊಂಚಲಿನಲ್ಲಿರುವ ಪುಟ್ಟ ಪೆನ್‌ಡ್ರೈವನ್ನು ಅದರ ಬೆನ್ನಿಗೆ ಚುಚ್ಚುತ್ತಾನೆ, ಆಮೇಲೆ ಬಟನ್ ಒತ್ತುತ್ತಾನೆ. ರಿಪೇರಿಗೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಂಗಳೆಲ್ಲ ಅದರಲ್ಲಿವೆ. ಬೇಕೋ ಬೇಡವೋ, ಕೈ ತನ್ನಷ್ಟಕ್ಕೇ ಹೋಗುತ್ತದೆ. ಮನೆಯವರು ಅದನ್ನು ಗಮನಿಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು, ಅವನಂತೂ ಎಂದೂ ಗಮನಿಸಿದವನಲ್ಲ.

ಅವಳ ಕಂಪ್ಯೂಟರ್ ಮುದಿಯಾಗಿತ್ತು. ಒಂದು ಪುಟ ತೆರೆಯುವಷ್ಟರಲ್ಲಿ ಅನ್ನ ಬೆಂದಿರುತ್ತಿತ್ತು. ಒಂದು ಭಾನುವಾರ ಗಂಡನಿಗೆ ಪ್ರೀತಿ ಉಕ್ಕಿತು. ಹಳೆಯದನ್ನು ತೆಗೆದು ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟ. ಅವಳ ಫೈಲುಗಳ ಕೂದಲೂ ಕೊಂಕಲಿಲ್ಲ. ಸಂಜೆಗೆ ಕಂಪ್ಯೂಟರ್ ಎಳೆಗರುವಿನ ಹಾಗೆ ಜಿಗಿಯುತ್ತಿತ್ತು. ಅವಳು ಖುಷಿಯಾಗಿ ಅವನಿಗೆ ಎರಡನೇ ಸಲ ಕಾಫಿ ಮಾಡಿಕೊಟ್ಟಳು.

ಮರುದಿನ ಅವನು ಅಂಗಡಿಗೆ ಹೋದ ಮೇಲೆ ಬಟನ್ ಒತ್ತಿದಳು. ಕಪ್ಪು ಪರದೆ, ಮೂಲೆಯಲ್ಲಿ ಒಂದು ಬಿಳಿ ಸಾಲು: ಬೂಟ್ ಮಾಡುವ ಡಿಸ್ಕ್ ಸಿಗುತ್ತಿಲ್ಲ. ಫೋನ್ ಮಾಡಿದಳು.

“ಏನ್ ಒತ್ತಿದೆ?” ಎಂದ ಅವನು.

“ಬಟನ್ ಒತ್ತಿದೆ ರೀ, ಅಷ್ಟೇ.”

“ಅಷ್ಟಕ್ಕೇ ಹಾಗೆಲ್ಲ ಬರಲ್ಲ ಕಣೇ. ಬಂದು ನೋಡ್ತೀನಿ, ಮುಟ್ಟಬೇಡ.”

ಸಂಜೆ ಬಂದ, ಬಗ್ಗಿದ, ಬಟನ್ ಒತ್ತಿದ. ಕಂಪ್ಯೂಟರ್ ಒಳ್ಳೆಯ ಸೊಸೆಯ ಹಾಗೆ ಕರೆದ ಕೂಡಲೇ ಬಂತು. “ನೋಡು, ಏನೂ ಆಗಿಲ್ಲ” ಎಂದು ಕೀಲಿಗೊಂಚಲನ್ನು ಜೇಬಿಗಿಳಿಸಿ ಎದ್ದ.

ಅಂದಿನಿಂದ ಇದೇ ಕಥೆ. ಅವನು ಒತ್ತಿದರೆ ಬರುತ್ತದೆ, ಅವಳು ಒತ್ತಿದರೆ ಇಲ್ಲ. ಕೊನೆಗೆ ಬೆಳಿಗ್ಗೆ ಅವನೇ ಶುರು ಮಾಡಿಟ್ಟು ಹೋಗುವುದೆಂದಾಯಿತು. ಒಮ್ಮೆ ಶುರುವಾದರೆ ದಿನವಿಡೀ ಸರಿಯಾಗಿಯೇ ಇರುತ್ತಿತ್ತು. ಆದರೆ ಮಧ್ಯಾಹ್ನ ಕರೆಂಟ್ ಹೋಯಿತೋ, ಅವಳ ಕೆಲಸ ಅಲ್ಲಿಗೇ ನಿಂತಿತು. ಅವಳು ಬಟ್ಟೆ ಮಡಚುತ್ತ, ಆಗಾಗ ಆ ಕಪ್ಪು ಪರದೆಯನ್ನು ನೋಡುತ್ತ, ಗಂಡನಿಗಾಗಿ ಕಾಯುತ್ತಿದ್ದಳು. ತನ್ನ ಕಸುಬಿಗೆ ಗಂಡನನ್ನು ಕಾಯಬೇಕಾದ ಸ್ಥಿತಿ ಅವಳಿಗೆ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ.

ಅತ್ತೆಗೆ ಇದು ತಮಾಷೆ. “ಕೆಲವು ಹಸು ಒಬ್ಬರ ಕೈಗೇ ಹಾಲು ಕೊಡೋದು ಕಣಮ್ಮ. ನನ್ನ ಮಗನ ಕೈ ಬೇಕು ಅದಕ್ಕೆ.”

ಅವಳೂ ನಕ್ಕಳು. ಆ ನಗು ಮನಸ್ಸಿನಿಂದ ಬಂದದ್ದಲ್ಲ.

ಯಾಕೆಂದರೆ ಅವಳಿಗೆ ತನ್ನ ಅಮ್ಮನ ನೆನಪಾಗುತ್ತಿತ್ತು. ಅಮ್ಮನ ಮರೆವು ಶುರುವಾದದ್ದು ಹೆಸರುಗಳಿಂದಲ್ಲ, ಕೈಯಿಂದ. ಜೀವಮಾನವಿಡೀ ತಿರುಗಿಸಿದ ನಲ್ಲಿಯನ್ನು ಯಾವ ಕಡೆ ತಿರುಗಿಸಬೇಕೆಂದು ಒಂದು ಬೆಳಿಗ್ಗೆ ಅಮ್ಮನಿಗೆ ತಿಳಿಯಲಿಲ್ಲ. “ನಾನು ಸರಿಯಾಗೇ ತಿರುಗಿಸ್ತಿದ್ದೀನಿ, ನಲ್ಲೀನೇ ಕೆಟ್ಟಿದೆ” ಎಂದು ಹಟ ಹಿಡಿದಿದ್ದಳು. ಆಗ ಮನೆಯವರೆಲ್ಲ ನಕ್ಕಿದ್ದರು. ಕೊನೆಯ ವರ್ಷಗಳಲ್ಲಿ ಅಮ್ಮ ಮಗಳನ್ನೇ “ನೀವು ಯಾರ ಮನೆಯವರಮ್ಮ?” ಎಂದು ಮರ್ಯಾದೆಯಿಂದ ವಿಚಾರಿಸುತ್ತಿದ್ದಳು.

ಈಗ ತಾನು ಹೇಳುತ್ತಿರುವುದೂ ಅದೇ ಮಾತಲ್ಲವೇ? ನಾನು ಸರಿಯಾಗಿಯೇ ಒತ್ತಿದ್ದೇನೆ, ಅದೇ ಕೆಟ್ಟಿದೆ. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಯಾರಾದರೂ ಮರೆಯಬಹುದಾದ ಉಪ್ಪು ಅದು. ಅವಳ ಎದೆ ಮಾತ್ರ ಧಸಕ್ಕೆಂದಿತು. ಪುಟ ತಿದ್ದುವಾಗ ಮಾಡಿದ ತಿದ್ದುಪಡಿಯನ್ನೇ ಮತ್ತೆ ಮತ್ತೆ ನೋಡತೊಡಗಿದಳು. ಈ ಭಯವನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಟ್ಟೀತು ಎಂಬ ಹೆದರಿಕೆ ಬೇರೆ.

ಒಂದು ಸಂಜೆ ಧೈರ್ಯ ಮಾಡಿ, “ರೀ, ಕಂಪ್ಯೂಟರಲ್ಲೇ ಏನೋ ದೋಷ ಇರಬಹುದಾ?” ಎಂದಳು.

ಅವನು ತಟ್ಟೆಯಿಂದ ತಲೆ ಎತ್ತದೆ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಬಾಯಿಗೆ ಬಂದ ಗಾದೆ, ಅಂದುಬಿಟ್ಟ. ಗಾದೆಗಳಿಗೇನು, ಯಾರ ಬಾಯಿಗಾದರೂ ಬರುತ್ತವೆ, ಎಲ್ಲಿ ನಾಟುತ್ತವೆ ಎಂದು ಆಡಿದವರಿಗೆ ಗೊತ್ತಾಗುವುದಿಲ್ಲ. ಅವಳು ತಟ್ಟೆ ತೊಳೆಯುವಾಗ ನಿರ್ಧಾರ ಮಾಡಿದಳು. ಪೂರ್ತಿ ಕೆಡುವ ಮೊದಲೇ, ಯಾರದಾದರೂ ಪುಸ್ತಕ ಹಾಳುಮಾಡುವ ಮೊದಲೇ, ಈ ಕಸುಬು ಬಿಡಬೇಕು. ಮರುದಿನ ತನಗೆ ಕೆಲಸ ಕಳಿಸುವ ಪ್ರೆಸ್ಸಿನ ಯಜಮಾನರಿಗೆ ಫೋನ್ ಮಾಡಿ, ಕೈಯಲ್ಲಿರುವ ಪುಸ್ತಕವನ್ನು ಮುಗಿದಷ್ಟಕ್ಕೆ ವಾಪಸ್ ಕೊಡುತ್ತೇನೆ, ಮುಂದೆ ಕೆಲಸ ಕಳಿಸಬೇಡಿ ಎಂದಳು.

“ಯಾಕಮ್ಮ, ಮೈ ಸರಿ ಇಲ್ವಾ?”

“ಹಾಗೇ ಅನ್ಕೊಳ್ಳಿ ಸಾರ್.”

ಅದೇ ವಾರ ಗಂಡನಿಗೆ ಜ್ವರ ಬಂತು. ಅಂಗಡಿಯ ಕೆಲಸದವನನ್ನು ಮನೆಗೆ ಕರೆಸಿ ಕೀಲಿಗೊಂಚಲು ಕೊಟ್ಟು ಕಳಿಸಿ, ಹೊದ್ದು ಮಲಗಿದ. ಮಧ್ಯಾಹ್ನಕ್ಕೆ ಜ್ವರ ಇಳಿದು ಗಂಜಿ ಕುಡಿಯುತ್ತಿದ್ದಾಗ ಅವಳು, “ಒಂದು ಸಲ ಆನ್ ಮಾಡಿಕೊಡ್ತೀರಾ? ಮುಗಿದ ಪುಟಗಳನ್ನ ಪ್ರೆಸ್ಸಿಗೆ ಕಳಿಸಿಬಿಡ್ತೀನಿ” ಎಂದಳು.

ಅವನು ಕಂಬಳಿ ಹೊದ್ದುಕೊಂಡೇ ಬಂದು ಬಟನ್ ಒತ್ತಿದ.

ಕಪ್ಪು ಪರದೆ. ಬಿಳಿ ಸಾಲು.

“ಏನ್ ಒತ್ತಿ...” ಎಂದವನು ಅರ್ಧಕ್ಕೆ ನಿಲ್ಲಿಸಿದ. ಒತ್ತಿದವನು ತಾನೇ. ಮತ್ತೆ ಒತ್ತಿದ. ಮೇಜಿನ ಕೆಳಗೆ ತೂರಿ ವೈರುಗಳನ್ನು ಅಲುಗಾಡಿಸಿ ಇನ್ನೊಮ್ಮೆ ಒತ್ತಿದ. ಅದೇ ಬಿಳಿ ಸಾಲು.

“ನಿಮಗೂ ಬರ್ಲಿಲ್ವಾ?” ಎಂದಳು ಅವಳು.

“ಇಲ್ಲ.”

“ನೀವು ಒತ್ತಿದ್ರೂ ಬರ್ಲಿಲ್ವಾ?”

ಅವನು ತಿರುಗಿ ನೋಡಿದರೆ ಹೆಂಡತಿ ನಗುತ್ತಿದ್ದಾಳೆ. ಮುಖವೆಲ್ಲ ಅರಳಿದೆ, ಕಣ್ಣಲ್ಲಿ ನೀರು. ಕಂಪ್ಯೂಟರ್ ಕೆಟ್ಟು ಕೂತಿದ್ದಕ್ಕೆ ಇಷ್ಟು ಸಂತೋಷಪಟ್ಟ ಮನುಷ್ಯರನ್ನು ಅವನು ತನ್ನ ಅಂಗಡಿಯಲ್ಲಿ ಒಬ್ಬರನ್ನೂ ಕಂಡಿರಲಿಲ್ಲ. ಅವಳು ಇಸ್ತ್ರಿ ಬಟ್ಟೆಯ ರಾಶಿಯ ಮೇಲೆಯೇ ಕುಸಿದು ಕೂತು, ಬಿಕ್ಕುತ್ತ ನಗುತ್ತ, ನಲ್ಲಿಯಿಂದ ಹಿಡಿದು ಉಪ್ಪಿನವರೆಗೆ, ಪ್ರೆಸ್ಸಿಗೆ ಮಾಡಿದ ಫೋನಿನವರೆಗೆ ಎಲ್ಲವನ್ನೂ ಹೇಳಿದಳು. ಅವನು ಕಂಬಳಿಯೊಳಗೆ ಮುದುಡಿಕೊಂಡು ಕೇಳಿದ. ಇಷ್ಟು ದಿನ ಒಂದೇ ಮಂಚದಲ್ಲಿ ಮಲಗಿಯೂ ಇದರಲ್ಲಿ ಒಂದಕ್ಷರವೂ ಅವನಿಗೆ ಗೊತ್ತಿರಲಿಲ್ಲ.

ಮತ್ತೆ ಕಂಪ್ಯೂಟರಿನತ್ತ ತಿರುಗಿದಾಗ ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಜೇಬು ಖಾಲಿ. ಆಗ ಹೊಳೆಯಿತು.

ಬಟನ್ ಒತ್ತಿದ ಕ್ಷಣ ಕಂಪ್ಯೂಟರಿಗೆ ತನ್ನ ಮನೆ ಎಲ್ಲಿದೆ ಎಂಬುದೇ ತಿಳಿದಿರುವುದಿಲ್ಲ. ಬಾಗಿಲಲ್ಲಿ ನಿಂತು “ಹೀಗೆ ಬನ್ನಿ” ಎಂದು ಒಳಗೆ ಕರೆದೊಯ್ಯುವ ಒಂದು ಪುಟ್ಟ ಪ್ರೋಗ್ರಾಂ ಬೇಕು. ಬೂಟ್‌ಲೋಡರ್ ಎನ್ನುತ್ತಾರೆ. ಅಂದು ಹೊಸ ಸಿಸ್ಟಮ್ ಹಾಕುವಾಗ, ಅದನ್ನು ಯಾವ ಡಿಸ್ಕಿನಲ್ಲಿ ಬರೆಯಲಿ ಎಂದು ಕಂಪ್ಯೂಟರ್ ಕೇಳಿತ್ತು. ಮೊದಲು ಕಂಡ ಹೆಸರನ್ನು ಅವನು ಒತ್ತಿದ್ದ. ಅಭ್ಯಾಸಬಲದಿಂದ ಬೆನ್ನಿಗೆ ಚುಚ್ಚಿದ್ದ ಪೆನ್‌ಡ್ರೈವಿನ ಹೆಸರು ಅದು. ಮನೆಯೆಲ್ಲ ಇಲ್ಲೇ ಒಳಗಿನ ಡಿಸ್ಕಿನಲ್ಲಿದೆ, ದಾರಿ ತೋರಿಸುವವನು ಮಾತ್ರ ದಿನಾ ಬೆಳಿಗ್ಗೆ ಇವನ ಜೇಬಿನಲ್ಲಿ ಕೂತು ಅಂಗಡಿಗೆ ಹೋಗುತ್ತಿದ್ದ. ರಿಪೇರಿ ಅಂಗಡಿಯವನ ಮನೆಯಲ್ಲಿ, ದೀಪದ ಬುಡದಲ್ಲೇ ಕತ್ತಲೆ.

“ನೀನು ಏನೂ ಒತ್ತಿಲ್ಲ” ಎಂದ ಅವನು. “ಒತ್ತಿದೋನು ನಾನು.”

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಪೂರ್ತಿ ಅರ್ಥವಾಗಲಿಲ್ಲ, ಬೇಕಾದಷ್ಟು ಅರ್ಥವಾಯಿತು. “ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದೆ, ಪಕ್ಕದ ಎಲೆ ನೊಣ ಹೊಡೀತಿದ್ದ” ಎಂದು ಗೊಣಗುತ್ತ, ಮಗನ ಗಂಜಿ ಲೋಟ ಎತ್ತಿಕೊಂಡು ಹೋದಳು.

ಕೆಲಸದವನು ಕೀಲಿ ತಂದುಕೊಟ್ಟ ಮೇಲೆ ಸರಿಮಾಡುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪೆನ್‌ಡ್ರೈವ್ ಚುಚ್ಚಿ ಶುರು ಮಾಡಿದ, ಬೂಟ್‌ಲೋಡರನ್ನು ಒಳಗಿನ ಡಿಸ್ಕಿಗೇ ಬರೆದ, ಆಫ್ ಮಾಡಿದ.

“ತಪ್ಪಾಯ್ತು” ಎಂದ.

“ತಪ್ಪು ಯಾರಿಂದಾದ್ರೂ ಆಗುತ್ತೆ ರೀ. ಮೊದಲ ದಿನ ಬಟನ್ ಒತ್ತಿದೆ ಅಷ್ಟೇ ಅಂದ್ನಲ್ಲ, ಅದನ್ನ ನಂಬಿದ್ರೆ ಸಾಕಿತ್ತು.”

ಅವನು ಕುರ್ಚಿಯಿಂದ ಎದ್ದು, “ನೀನೇ ಒತ್ತು” ಎಂದ.

“ಕೀಲಿ ತಗೊಂಡು ಆಚೆ ಹೋಗಿ” ಎಂದಳು ಅವಳು. “ಬೀದಿಗೆ. ನಾನು ಕರೆಯೋವರೆಗೂ ಬರಬೇಡಿ.”

ಅವನು ಕಂಬಳಿ ಹೊದ್ದ ಹಾಗೆಯೇ, ಕೀಲಿಗೊಂಚಲು ಹಿಡಿದುಕೊಂಡು ಹೋದ. ಅವಳು ಮುಂಬಾಗಿಲ ಚಿಲಕ ಹಾಕಿಕೊಂಡು ಬಂದು ಕೂತು, ಕೈ ಒರೆಸಿಕೊಂಡು, ಬಟನ್ ಒತ್ತಿದಳು. ಪರದೆ ಸ್ವಲ್ಪ ಹೊತ್ತು ಕಪ್ಪಗೇ ಇತ್ತು. ಬೆಳಕು ಬಂತು. ಆಫ್ ಮಾಡಿ ಮತ್ತೆ ಒತ್ತಿದಳು, ಮತ್ತೆ ಬಂತು. ಪ್ರೆಸ್ಸಿನ ಯಜಮಾನರಿಗೆ ಫೋನ್ ಮಾಡಿ, ಪುಸ್ತಕ ಯಾರಿಗೂ ಕೊಡಬೇಡಿ ಸಾರ್, ನಾನೇ ಮುಗಿಸ್ತೀನಿ ಎಂದಳು. ನಿಂತ ಪುಟ ತೆರೆದಳು. ಅಲ್ಲೊಂದು ವಾಕ್ಯ ಅಡ್ಡಾದಿಡ್ಡಿಯಾಗಿತ್ತು, ನೇರ ಮಾಡಿದಳು. ಅದರ ಕೆಳಗೆ ಇನ್ನೊಂದು. ಬೆರಳುಗಳು ತಮ್ಮ ದಾರಿಯಲ್ಲಿ ತಾವು ಓಡತೊಡಗಿದವು, ಪುಟದ ಮೇಲೆ ಪುಟ ಸಾಗಿತು.

ಬಾಗಿಲು ಬಡಿದ ಸದ್ದಾಯಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

“ಲೇ, ಚಳಿ ಕಣೇ! ಒಳಗೆ ಬರಲಾ?”

“ಅಯ್ಯೋ!” ಎಂದು ಅವಳು ಎದ್ದು ಓಡಿದಳು. “ನಿಮ್ಮನ್ನ ಮರೆತೇಬಿಟ್ಟೆ ರೀ!”

ಹೇಳಿದ ಮೇಲೆ ಅವಳಿಗೆ ತಾನಾಡಿದ ‘ಮರೆತೆ’ ಎಂಬ ಮಾತು ಕೇಳಿಸಿತು. ಚಿಲಕದ ಮೇಲೆ ಕೈಯಿಟ್ಟುಕೊಂಡು ಎದೆ ಧಸಕ್ಕೆನ್ನುವುದನ್ನು ಒಂದು ಗಳಿಗೆ ಕಾದಳು. ಅದು ಆಗಲಿಲ್ಲ. ಅವಳು ಬಾಗಿಲು ತೆಗೆದಳು.