ಕಲ್ಲಿಗೆ ಬಿಟ್ಟ ಒಂದು ಹಿಡಿ ರಾಗಿ

"ರಾಗಿ ಹಾಕ್ಬೇಡ ಕಣವ್ವ, ಬರೀ ಕಲ್ಲು ತಿರುಗ್ಸು ಸಾಕು" ಅಂದಳು ಮಗಳು. ನಾನು ಗೂಟದ ಮೇಲಿದ್ದ ಕೈ ತೆಗೆದುಬಿಟ್ಟೆ.

ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಹೆಡತಲೆ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಬೀಸೋ ಕಲ್ಲು, ಪಕ್ಕದಲ್ಲಿ ಮಡಚಿಟ್ಟ ದುಪ್ಪಟಿ, ಅದರ ಮೇಲೊಂದು ಪುಟ್ಟ ಮೈಕು. ಬಾಗಿಲಾಚೆ ಎದುರು ಮನೆಯೂ ಕಾಣದ ಹಾಗೆ ಮಂಜು...

ನನ್ನ ಮಗಳು ಚೈತ್ರ ಬಿ.ಎಡ್. ಓದಿದವಳು. ಆದರೆ ಎರಡು ವರ್ಷದಿಂದ ಗಿಟಾರ್ ಹಿಡಿದು ತಾನೇ ಹಾಡು ಕಟ್ಟುತ್ತಾಳೆ, ತಾನೇ ಹಾಡುತ್ತಾಳೆ, ತಾನೇ ಯೂಟ್ಯೂಬಿಗೆ ಹಾಕುತ್ತಾಳೆ. ಹಿಂದೆ ಯಾವ ಕಂಪನಿಯೂ ಇಲ್ಲ. ಕೇಳುವವರಲ್ಲಿ ಅರ್ಧ ಜನ ನಮ್ಮ ನೆಂಟರೇ.

ಈಗ ಮೊದಲ ಸಲ ಸ್ಟೇಜು ಸಿಕ್ಕಿತ್ತು. ಭಾನುವಾರ ಸಂಜೆ ಟಿ. ನರಸೀಪುರದ ಹೊಳೆ ದಂಡೆಯಲ್ಲಿ, ಹೊಸಬರಿಗೆ ಅಂತ. ಒಬ್ಬೊಬ್ಬರಿಗೆ ಒಂದೇ ಹಾಡು.

ಈ ಹಾಡು ಜನಕ್ಕೆ ಹಿಡಿಸದಿದ್ದರೆ ಗಿಟಾರ್ ಕಟ್ಟಿಟ್ಟು ಜೂನಿಗೆ ಸ್ಕೂಲ್ ಟೀಚರಾಗಿ ಸೇರ್ತೀನಿ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದಳು.

ಅವಳು ಚಿಕ್ಕವಳಿದ್ದಾಗ ನಾನೊಂದು ಮಾತು ಹೇಳುತ್ತಿದ್ದೆ. ಮಂಜು ಅಂದರೆ ಹೊಳೆ ಮೇಲೆ ಯಾವುದೋ ತಾಯಿ ಕೂತು ಹಿಟ್ಟು ಬೀಸ್ತಾ ಇದ್ದಾಳೆ ಅಂತ. ಅದನ್ನೇ ಹಾಡು ಮಾಡಿದ್ದಳು.

ಕಪಿಲೆ ಮ್ಯಾಗೆ ಕಲ್ಲ ಬೀಸೋರು ಯಾರವ್ವ,
ಬೆಳಗಾಗೋಗಂಟ ಇಟ್ಟು ಉದುರ್ತದೆ...

ತಾಳಕ್ಕೆ ಅವಳಿಗೆ ನಮ್ಮ ಕಲ್ಲಿನ ಸದ್ದು ಬೇಕಿತ್ತು. ರಾಗಿ ಇದ್ದರೆ ಮೈಕಿನಲ್ಲಿ ಸದ್ದು ಮಸುಕಾಗುತ್ತೆ ಅನ್ನುವುದು ಅವಳ ವಾದ.

ಈ ಕಲ್ಲು ನನ್ನ ತವರು ಹೆಮ್ಮಿಗೆಯಿಂದ ಬಂದದ್ದು. ಈಗ ಮಿಲ್ಲಿನ ಹಿಟ್ಟೇ ಎಲ್ಲರಿಗೂ, ಹಬ್ಬ ಹರಿದಿನಕ್ಕೆ ಮಾತ್ರ ಕಲ್ಲು. ಆದರೂ ನಮ್ಮವ್ವ ಹೇಳಿಕೊಟ್ಟ ಎರಡು ಮಾತು ನಾನು ಮೀರಿಲ್ಲ. ಬರಿ ಕಲ್ಲು ಬೀಸಬಾರದು, ಮನೆ ಬರಿದಾಗುತ್ತೆ. ಬೀಸಿ ಏಳುವಾಗ ಕಲ್ಲಿನ ಬಾಯಿಗೆ ಒಂದು ಹಿಡಿ ಬಿಟ್ಟು ಕೈ ಮುಗಿಯಬೇಕು.

"ಅವ್ವ, ಇದು ರೆಕಾರ್ಡಿಂಗು. ನಿಜವಾಗ್ಲೂ ಬೀಸೋದಲ್ಲ."

"ಕಲ್ಲಿಗೇನು ಗೊತ್ತು ಮಗ, ರೆಕಾರ್ಡಿಂಗು?"

ಜಗಲಿ ಮೇಲಿದ್ದ ನಮ್ಮ ಯಜಮಾನರು ನಕ್ಕರು. "ಓಗ್ಲಿ ಬುಡಮ್ಮಿ, ದೇವ್ರನ್ನಾದ್ರೂ ಒಪ್ಪುಸ್ಬೋದು, ನಿಮ್ಮವ್ವನ್ನ ಒಪ್ಸಕ್ಕಾಯ್ತದಾ?"

ನಾನು ದೀಪ ಹಚ್ಚಲು ಒಳಗೆ ಹೋದೆ. ನಂಜುಂಡಪ್ಪನ ಫೋಟೋ ಮುಂದೆ ಬತ್ತಿ ಹೊಸೆಯುತ್ತಿದ್ದೇನೆ... ಹೊರಗೆ ಸದ್ದು ಬಂತು.

ಕರ್... ಕರ್...

ಅವಳೇ ತಿರುಗಿಸುತ್ತಿದ್ದಳು. ಹಸಿದವರು ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ ಕೇಳಿಸಿತು ನನಗೆ. ಬೈಯಬೇಕು ಅನ್ನಿಸಲಿಲ್ಲ. ತಪ್ಪಾಯ್ತು ತಂದೆ, ಕೂಸಿಗೆ ತಿಳೀದು ಅಂತ ಅಲ್ಲೇ ಕೈ ಮುಗಿದೆ.

ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಹೆಡ್‌ಫೋನ್ ಕತ್ತಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಮುಖ ಸಪ್ಪಗೆ. ಬೆರಳ ತುದಿಯಲ್ಲಿ ಕಲ್ಲಿನ ಪುಡಿ.

"ಹಾಡು ಅದ್ರ ಮೇಲೆ ಕೂರ್ತಾನೇ ಇಲ್ಲ ಕಣವ್ವ. ಎದೆ ಉಜ್ಜಿದಂಗಾಯ್ತದೆ."

ನಾನು ಮೊರದಲ್ಲಿ ರಾಗಿ ತಂದು ಕೂತೆ. ಅವಳು ಎದುರು ಕೂತು ಅದೇ ಗೂಟಕ್ಕೆ ಕೈ ಕೊಟ್ಟಳು.

ಒಂದು ಗೂಟದ ಮೇಲೆ ಎರಡು ಕೈ. ಕಲ್ಲು ಗುಂ ಅಂತ ಎದ್ದಿತು, ಹಿಟ್ಟು ಸುತ್ತಲೂ ಮೆಲ್ಲಗೆ ಇಳಿಯಿತು... ಮಾತಾಡಬೇಡ ಅಂದಿದ್ದಳು. ಆದರೆ ಕಲ್ಲು ತಿರುಗಿದರೆ ಬಾಯಿ ಸುಮ್ಮನಿರುತ್ತದೆಯೇ? ನನಗೇ ತಿಳಿಯದ ಹಾಗೆ ನಮ್ಮವ್ವನ ರಾಗ ಗುನುಗಿಬಿಟ್ಟೆ.

ಕೆಡಿಸಿದೆನಲ್ಲಾ ಅಂತ ಗಕ್ಕನೆ ನಿಲ್ಲಿಸಿದೆ. ಅವಳು ಕಣ್ಣಲ್ಲೇ ಮುಂದುವರಿಸು ಅಂದಳು.

ಆ ಮಂಜಿನಲ್ಲಿ ನಾನು ಯಾರ ಮನೆಯಲ್ಲಿದ್ದೆನೋ. ಎದುರು ಕೂತವಳು ನನ್ನ ಮಗಳೋ, ನಮ್ಮವ್ವನೋ...

ಮೊರದಲ್ಲಿ ಕೊನೆಗೆ ಒಂದು ಹಿಡಿ ರಾಗಿ ಉಳಿಯಿತು. ರೂಢಿಯಂತೆ ಅದನ್ನು ಕಲ್ಲಿನ ಬಾಯಿಗೆ ಬಿಟ್ಟು ಕೈ ಮುಗಿದೆ.

ಭಾನುವಾರ ಸಂಜೆ ನರಸೀಪುರದಲ್ಲಿ ಮುಂದಿನ ಸಾಲಿನಲ್ಲೇ ನಮ್ಮನ್ನು ಕೂರಿಸಿದರು. ಸ್ಟೇಜಿನ ಹಿಂದೆ ಹೊಳೆ, ಬಿಸಿಲು ಇಳಿದು ನೀರೆಲ್ಲ ತಾಮ್ರದ ಬಣ್ಣ. ಮಗಳು ಗಿಟಾರ್ ಹೆಗಲಿಗೇರಿಸಿಕೊಂಡು ಮೈಕಿನ ಮುಂದೆ ಬಂದಳು.

ಸ್ಪೀಕರಿನಿಂದ ನಮ್ಮ ಕಲ್ಲು ಗುಂ ಅಂದಿತು. ಅದರ ಮೇಲೆ ಗಿಟಾರ್, ಅವಳ ದನಿ, ಎಲ್ಲೋ ಅಡಿಯಲ್ಲಿ ನನ್ನ ಗುನುಗು. ಫೋನ್ ನೋಡುತ್ತಿದ್ದವರು ಒಬ್ಬೊಬ್ಬರೇ ತಲೆ ಎತ್ತಿದರು.

ಹಾಡು ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಕಲ್ಲು ನಿಧಾನವಾಗಿ ನಿಂತಿತು, ಆಮೇಲೆ ಸುರ್... ಅಂತ ಒಂದು ಸಣ್ಣ ಸದ್ದು.

ನಾನು ಬಿಟ್ಟ ಆ ಹಿಡಿ ರಾಗಿ. ಅವಳು ರೆಕಾರ್ಡಿಂಗಿನಿಂದ ಅದನ್ನು ಕತ್ತರಿಸಿರಲಿಲ್ಲ.

ನನ್ನ ಪಕ್ಕದಲ್ಲಿದ್ದ, ಗುರುತಿಲ್ಲದ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಕಣ್ಣು ಬಿಟ್ಟು ಕೇಳಿದರು, "ನಿಮ್ ಮನೇಲಿ ಇನ್ನೂ ಕಲ್ಲಿಗೆ ಬುಡ್ತೀರೇನವ್ವ?"

ಆಮೇಲೆ ಬಂತು ಚಪ್ಪಾಳೆ. ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಹಿಂದಿನಿಂದ ಕೂಗು.

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಯಾಚೆ ನೋಡುತ್ತಾ ಮೆಲ್ಲಗೆ ಕೇಳಿದಳು, "ಅಪ್ಪ, ಜೂನು...?"

ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. "ಜೂನು ವರ್ಸಾ ವರ್ಸಾ ಬತ್ತದೆ ಬುಡಮ್ಮಿ. ಫೋನಲ್ಲಿ ಆ ಪದ ಇನ್ನೊಂದ್ಸಲ ಆಕು."

ಮೂಲೆ ಸೇರಿದ್ದರೂ ಸರಿ... ನಿಮ್ಮ ಮನೆಯ ಕಲ್ಲಿನ ಬಾಯಿಗೆ ಕೊನೆಯ ಸಲ ಒಂದು ಹಿಡಿ ಬಿಟ್ಟದ್ದು ಯಾರು, ನೆನಪಿದೆಯಾ?