ಬೆಳ್ಳಿಯ ಎದೆಯಲ್ಲಿ ಕಂಡದ್ದು

ಹನುಮವ್ವ, ನಿಮ್ಮ ಬೆಳ್ಳಿಯ ಹೊಟ್ಟೆಯಲ್ಲಿ ಮರಿಗಳಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು.

ಆಗ ನಾನು ಶಿಕಾರಿಪುರದಲ್ಲಿ ದನದ ಡಾಕ್ಟ್ರು. ನಮ್ಮಲ್ಲಿದ್ದ ಸ್ಕ್ಯಾನಿಂಗ್ ಯಂತ್ರ ಬಂದದ್ದೇ ದನ, ಎಮ್ಮೆ ಗಬ್ಬವೋ ಅಲ್ಲವೋ ನೋಡಲಿಕ್ಕೆ. ನೀವು ಬಂದಳಿಕೆಯಿಂದ ನಿಮ್ಮ ಕುರಿ ಕಾಯುವ ನಾಯಿ ಬೆಳ್ಳಿಯನ್ನು ಕರೆತಂದಿರಿ — ಕೆಮ್ಮು, ಏದುಸಿರು, ಉಬ್ಬಿದ ಹೊಟ್ಟೆ. ನೋಡಿದರೆ ಹೊಟ್ಟೆಯ ತುಂಬ ಬರೀ ನೀರು. ಎಲ್ಲಿಂದ ಬಂತು ಈ ನೀರು? ಮೈಗೆ ಒತ್ತಿ ಹಿಡಿಯುವ ಯಂತ್ರದ ಪ್ರೋಬನ್ನು ಮೇಲಕ್ಕೆ ಸರಿಸಿ ಪಕ್ಕೆಲುಬುಗಳ ನಡುವೆ ಒತ್ತಿದೆ. ಹೃದಯದ ಬಲಗಡೆ ಪುಟ್ಟ ಪುಟ್ಟ ಬಿಳಿ ಜೋಡಿಗೆರೆಗಳು — ಶಾಲೆಯ ಗಣಿತದ ಸಮ ಚಿಹ್ನೆಯಂಥವು — ಒಂದೊಂದು ಬಡಿತಕ್ಕೂ ಕವಾಟ ದಾಟಿ ಹೋಗಿ ಮರಳುತ್ತಿದ್ದವು. ಹೃದಯದ ಹುಳುಗಳು. ಪುಸ್ತಕದಲ್ಲಷ್ಟೇ ನೋಡಿದ್ದೆ. ಇಲ್ಲಿ ಜೀವಂತ! ಮೊಬೈಲ್ ತೆಗೆದು ಪರದೆಯ ವಿಡಿಯೊ ಮಾಡತೊಡಗಿದೆ.

ಏನೋ ಮಿಸುಕುವುದು ನಿಮಗೂ ಕಂಡಿತು.

"ಮರಿ ಅದಾವೇನ್ರೀ ಡಾಕ್ಟ್ರೇ? ಒಂದು ಮರಿ ತೊಗರ್ಸಿ ಊರಾಗಿನ ತಂಗಿಗೆ ಕೊಡ್ತೀನಿ ಅಂದೀನಿ. ಕೊಡ್ಲಿಲ್ಲಂದ್ರ ಹಬ್ಬಕ್ಕೂ ಕರಿಯಂಗಿಲ್ಲ ಆಕಿ!"

ನಾನು ಸುಮ್ಮನಿದ್ದೆ — ಎಂದೇ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ. ನಾನು ಸುಮ್ಮನಿದ್ದಂತೆ, ನೀವೇ ತಪ್ಪು ತಿಳಿದಂತೆ... ಸುಳ್ಳಿಗಿಂತ ಮೌನ ಹೊರಲು ಹಗುರ.

ಹೋದ ವಾರ, ನಾನೀಗಿರುವ ಸೊರಬದಲ್ಲಿ, ಹಳೆಯ ಮೊಬೈಲ್ ತೆರೆದಾಗ ಆ ವಿಡಿಯೊ ಸಿಕ್ಕಿತು. ಅದರಲ್ಲಿ ಧ್ವನಿಯೂ ಇದೆ. ನಿಮ್ಮ ಪ್ರಶ್ನೆ, ನಿಮ್ಮ ನಗು, ಆಮೇಲೆ ನನ್ನದೇ ದನಿ: "ಹೌದ್ರೀ, ಮರಿನೇ. ಅಲುಗಾಡದಂಗೆ ಹಿಡ್ಕೊಳ್ರಿ. ಮುಂದಿನ ವಾರ ಮತ್ತೆ ಕರ್ಕೊಂಡು ಬರ್ರಿ."

ಮುಂದಿನ ವಾರ! ಆ ಹುಳುಗಳನ್ನು ಇನ್ನೊಮ್ಮೆ ನೋಡುವ ಆಸೆ ನನಗೆ. ನಿಜ ಹೇಳಿದರೆ ನೀವು ಆಸೆ ಬಿಟ್ಟು ಅದನ್ನು ಮತ್ತೆ ಕರೆತರುವುದಿಲ್ಲವೇನೋ ಎಂದು... ಅಥವಾ ಹಾಗೂ ಅಲ್ಲ, ಏನೂ ಯೋಚಿಸಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಒಯ್ದಿದ್ದರೆ ಕತ್ತಿನ ರಕ್ತನಾಳದಿಂದ ಹುಳು ಎಳೆದು ತೆಗೆಯುವವರು ಸಿಗುತ್ತಿದ್ದರೋ ಏನೋ — ಆ ಮಾತನ್ನೇ ನಾನು ಎತ್ತಲಿಲ್ಲ.

ಮುಂದಿನ ವಾರ ನೀವೊಬ್ಬರೇ ಬಂದಿರಿ.

"ಮರಿ ಹೊಟ್ಟ್ಯಾಗ ಸತ್ತು ಇದೂ ಹೋತೇನ್ರೀ? ನಾನೇ ಏನರ ತಿನ್ನಬಾರದ್ದು ತಿನ್ಸಿದ್ನೇನು?"

ಅದಕ್ಕೂ ಏನೋ ಹೇಳಿದೆ. ಏನೆಂದು ನೆನಪಿಲ್ಲ, ಆ ದಿನದ ವಿಡಿಯೊ ಇಲ್ಲ. ನನ್ನ ನೆನಪನ್ನು ನಂಬಬೇಡಿ. ಇಷ್ಟು ಮಾತ್ರ ನಂಬಿ: ನೀವು ತಿನ್ನಿಸಿದ್ದರಲ್ಲಿ ಏನೂ ತಪ್ಪಿರಲಿಲ್ಲ.

ಇದನ್ನು ಬರೆಯುವ ಮೊದಲು ವಿಡಿಯೊ ಮತ್ತೆ ನೋಡಿದೆ. ಈಗಲೂ ಕಣ್ಣು ಮೊದಲು ಹೋದದ್ದು ಹುಳುಗಳ ಕಡೆಗೇ. ಮೂರನೆಯ ಸಲಕ್ಕೆ, ಮೂಲೆಯಲ್ಲಿ, ಬೆಳ್ಳಿಯನ್ನು ಅಲುಗಾಡದಂತೆ ಹಿಡಿದ ನಿಮ್ಮ ಕೈ ಕಂಡಿತು.

ಸೋಮವಾರ ಬಂದಳಿಕೆಗೆ ಬರುತ್ತೇನೆ. ವಿಡಿಯೊ ತೋರಿಸುತ್ತೇನೆ — ಧ್ವನಿ ಸಮೇತ.