ಖಾಲಿ ಚೀಲಕ್ಕೆ ಒಂದು ಪಾಕೀಟು

ಮೊನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ಮೊಳೆಗೆ ತೂಗುಹಾಕಿದ್ದ ಬಟ್ಟೆಯ ಚೀಲದಲ್ಲಿ ಒಂದು ಹಾಲಿನ ಪಾಕೀಟು ತಣ್ಣಗೆ ಕೂತಿತ್ತು. ಇದರಲ್ಲೇನು ವಿಶೇಷ ಅನ್ನುತ್ತೀರಿ. ಹಾಲು ಹಾಕುವವನು ಹೊಸಬ. ನಾನು ಅವನ ಮುಖ ನೋಡಿದವಳಲ್ಲ. ಹಿಂದಿನ ಸಂಜೆ ಚೀಲದೊಳಗೆ ಎಷ್ಟು ಬೇಕೆಂದು ತಿಳಿಸುವ ಹುಣಸೆಬೀಜವನ್ನೂ ಹಾಕಿರಲಿಲ್ಲ. ಆದರೂ ಲೆಕ್ಕ ತಪ್ಪದೆ ಹಾಲು ಬಂದಿತ್ತು. ಆ ಪಾಕೀಟನ್ನು ಕೈಯಲ್ಲಿ ಹಿಡಿದು ನಾನು ಒಬ್ಬಳೇ ನಕ್ಕೆ.

ಮಕ್ಕಳೇ, ನಿಮ್ಮ ಮುತ್ಯಾನನ್ನು, ಅಂದರೆ ನನ್ನ ಯಜಮಾನರನ್ನು, ನೀವು ಫೋಟೋದಲ್ಲಷ್ಟೇ ನೋಡಿದ್ದೀರಿ. ಅದರಲ್ಲಿ ಅವರು ಯಾರ ಮೇಲೋ ಸಿಟ್ಟಾದವರಂತೆ ಕಾಣುತ್ತಾರೆ. ನಿಜವಾಗಿ ಕಾಲರು ಕುತ್ತಿಗೆಗೆ ಒತ್ತುತ್ತಿತ್ತು, ಅಷ್ಟೇ. ನಲವತ್ತು ದಾಟಿದ ಮೇಲೆ ಕಲಬುರಗಿಯ ಗಣಿತದ ಮೇಷ್ಟರ ಕೆಲಸ ಬಿಟ್ಟು ಇಂದಿರಾನಗರದಲ್ಲಿ ಒಂದು ಮನೆಯ ಮಹಡಿಯ ಮೇಲಿದ್ದ ಪುಟ್ಟ ಕಂಪ್ಯೂಟರ್ ಆಫೀಸು ಸೇರಿದವರು. ಊರಿನವರು ನಕ್ಕರು. "ಮಾಸ್ತರ ಆರು ತಿಂಗಳಿಗೆ ವಾಪಸ್ ಬರ್ತಾನ ನೋಡ್ರಿ" ಅಂದವರು ನಮ್ಮ ಸ್ವಂತ ಮೈದುನರೇ. ನಾವು ಹಲಸೂರಿನಲ್ಲಿ ಇದೇ ಬಾಡಿಗೆ ಮನೆ ಹಿಡಿದೆವು. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು. ಇಲ್ಲಿಯ ತಮಿಳು ಬೆರೆತ ಕನ್ನಡಕ್ಕೆ ಹೆದರಿ ಬಾಗಿಲ ಹಿಂದೆಯೇ ನಿಲ್ಲುತ್ತಿದ್ದೆ.

ಹಾಲಿನ ಮುನಿಸ್ವಾಮಿಯ ಜೊತೆ ಮಾತಾಡುವುದನ್ನು ತಪ್ಪಿಸಲೆಂದೇ ಬೀಜದ ಉಪಾಯ ಮಾಡಿದ್ದು. ಮೊಳೆಯ ಚೀಲದಲ್ಲಿ ಎಷ್ಟು ಹುಣಸೆಬೀಜವೋ ಅಷ್ಟು ಪಾಕೀಟು. ಚೀಲವೇ ಇಲ್ಲದಿದ್ದರೆ ಎಂದಿನಂತೆ ಒಂದು, ಹೊಸ್ತಿಲ ಮೇಲೆ. ಇದನ್ನು ಅವನಿಗೆ ಹೇಳಿದ್ದೂ ನಾನಲ್ಲ, ಪಕ್ಕದ ಮನೆಯಾಕೆ.

ಮುತ್ಯಾನ ಕೆಲಸ ಏನೆಂದು ನಾನೂ ಕೇಳಿದ್ದೆ. ಫೋರ್ಟ್ರಾನ್ ಅಂತ ಹಳೆಯ ಕಂಪ್ಯೂಟರ್ ಭಾಷೆ, ದೊಡ್ಡ ದೊಡ್ಡ ಲೆಕ್ಕಕ್ಕೆ. ಅದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವುದು ಕಂಪೈಲರು. ಆ ಲೆಕ್ಕ ನಡೆಯುವಾಗ ಜೊತೆಗಿದ್ದು ಫೈಲು ತೆರೆದು, ಓದಿ, ಬರೆದು ಕೊಡುವ ಆಳು ರನ್‌ಟೈಮು. ಆ ಆಳನ್ನು ತಯಾರು ಮಾಡುವುದು ಇವರ ಪಾಲಿನ ಕೆಲಸ. ಒಂದು ಸಲಕ್ಕೆ ಎಷ್ಟು ಓದಬೇಕೆಂದು ಬಳಸುವವರು ಮೊದಲೇ ಒಂದು ಹೆಸರಿನ ಮುಂದೆ ಬರೆದಿಡಬಹುದು. ಅದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನುತ್ತಾರೆ. ಹೇಳದೇ ಇದ್ದರೆ ಆಳು ತನ್ನ ರೂಢಿಯ ಅಳತೆಯಲ್ಲೇ ಓದಬೇಕು. ಅದು ಡಿಫಾಲ್ಟು.

ಆ ವರ್ಷ ಹವಾಮಾನದ ಲೆಕ್ಕ ಮಾಡುವ ಗಿರಾಕಿಯೊಬ್ಬರು ಇವರ ಕಂಪೈಲರನ್ನು ತೆಗೆದುಕೊಂಡರು. ಇಲ್ಲಿ ಓಡಿದ ಲೆಕ್ಕ ಅಲ್ಲಿ ಫೈಲು ತೆರೆದು ಸುಮ್ಮನೆ ಕೂತುಬಿಡುತ್ತಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ವಾರದೊಳಗೆ ಸರಿಯಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದರು. ಅವರೊಬ್ಬರೇ ದೊಡ್ಡ ಗಿರಾಕಿ. ಅವರು ಹೋದರೆ ಆಫೀಸು ಮುಚ್ಚಬೇಕು, ನಾವು ಗಂಟುಮೂಟೆ ಕಟ್ಟಿ ಮೈದುನರ ಮುಂದೆ ಹೋಗಿ ಇಳಿಯಬೇಕು. ಮುತ್ಯಾ ಊಟದ ತಟ್ಟೆಯ ಮುಂದೆಯೂ ಗೊಣಗುತ್ತಿದ್ದರು. "ಓದೋ ಅಳತಿ ಏನರ ಹಾಕೀರೇನು ಅಂತ ಕೇಳಿದೆ. ಏನೂ ಹಾಕಿಲ್ಲ ಅಂತಾರ. ಹಾಕಲಿಲ್ಲಂದ್ರ ನಡೀಬೇಕಲ್ಲ?"

ವಾರ ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಚಹಾಕ್ಕೆ ಹಾಲಿಲ್ಲ. ಚಹಾ ಇಲ್ಲದ ಮುತ್ಯಾ ಅಂದರೆ ಗ್ರಹಣ ಹಿಡಿದ ಸೂರ್ಯ.

"ಹಾಲು ಎಲ್ಲದ?"

"ಬಂದಿಲ್ರಿ."

ಅಷ್ಟರಲ್ಲಿ ಮುನಿಸ್ವಾಮಿ ಸೈಕಲ್ ತಳ್ಳಿಕೊಂಡು ವಾಪಸ್ ಹೋಗುತ್ತಿದ್ದ. ಮುತ್ಯಾ ಕೂಗಿದರು. ಅವನು ಹೇಳಿದ, "ಚೀಲ ಇತ್ತು ಸಾರ್, ಒಳಗೆ ಒಂದು ಬೀಜಾನೂ ಇಲ್ಲ. ಸೊನ್ನೆ ಬೀಜ, ಸೊನ್ನೆ ಪಾಕೀಟು. ನಿಮ್ಮನೆ ಕಾನೂನೇ ಅಲ್ವಾ?"

ಮುತ್ಯಾ ನನ್ನ ಕಡೆ ತಿರುಗಿದರು. "ಚೀಲ್ದಾಗ ಏನು ಹಾಕಿದ್ದಿ?"

"ಏನೂ ಹಾಕಿಲ್ರಿ. ಒಗೆದು ಒಣಗಲಿ ಅಂತ ಮೊಳೆಗೆ ಹಾಕಿದ್ದೆ. ಏನೂ ಹಾಕಲಿಲ್ಲಂದ್ರ ಒಂದು ಕೊಡಬೇಕಲ್ಲರಿ?"

ಬೈಗುಳಕ್ಕೆ ತಯಾರಾಗಿ ನಾನು ಸೆರಗು ಎಳೆದುಕೊಂಡೆ. ಅವರು ಚೀಲವನ್ನು ಮೊಳೆಯಿಂದ ತೆಗೆದು ಒಳಗೆ ಕೈ ಹಾಕಿ ನೋಡಿದರು. "ಏನೂ ಹಾಕಿಲ್ಲ, ಖರೆ. ಆದ್ರ ಚೀಲ ಹಾಕೀದಿ" ಅಂದವರೇ ಸ್ನಾನವನ್ನೂ ಮಾಡದೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಸ್ಸಿಗೆ ಓಡಿದರು. ಚೀಲವೂ ಅವರ ಜೊತೆಗೇ ಹೋಯಿತು. ಮುನಿಸ್ವಾಮಿ ಕೇಳಿದ, "ಸಾರ್ ಬೇರೆ ಕಡೆ ಹಾಲು ತರಕ್ಕೆ ಹೋದ್ರಾ ಅಮ್ಮಾ?"

ಆದದ್ದು ಅದೇ. ಗಿರಾಕಿಯ ಕಂಪ್ಯೂಟರಿನಲ್ಲಿ ಆ ವೇರಿಯಬಲ್ಲಿನ ಹೆಸರು ಬರೆದು ಮುಂದಿನ ಜಾಗ ಖಾಲಿ ಬಿಟ್ಟಿದ್ದರು. ಅವರ ಮನಸ್ಸಿನಲ್ಲಿ ಅವರು ಏನೂ ಹಾಕಿರಲಿಲ್ಲ. ಇವರ ಆಳು ಆ ಖಾಲಿಯನ್ನು ಸೊನ್ನೆ ಅಂತ ಓದಿ, ಒಂದು ಸಲಕ್ಕೆ ಸೊನ್ನೆ ಅಕ್ಷರ ಓದುತ್ತಾ ಯುಗ ಕಳೆಯುತ್ತಿತ್ತು. ಮುತ್ಯಾ ಆ ಆಳಿಗೆ ಹೊಸ ಬುದ್ಧಿ ಕಲಿಸಿದರು. ಮೊದಲು ರೂಢಿಯ ಅಳತೆಯನ್ನು ಕೈಯಲ್ಲಿ ಹಿಡಿದುಕೋ. ಆಮೇಲೆ ಚೀಲ ನೋಡು. ಒಳಗೆ ಸರಿಯಾದ ಸಂಖ್ಯೆ ಕಂಡರೆ ಮಾತ್ರ ಬದಲಿಸು. ಖಾಲಿ ಇದ್ದರೂ, ಕಸ ಇದ್ದರೂ, ಹಿಡಿದದ್ದನ್ನು ಬಿಡಬೇಡ.

ಎರಡು ದಿನಕ್ಕೆ ಅಲ್ಲಿಂದ ಸುದ್ದಿ ಬಂತು, ಲೆಕ್ಕ ಕೊನೆಯವರೆಗೂ ಓಡಿತೆಂದು. ಆಫೀಸಿನ ಯಜಮಾನರು, ಬೆನ್ಸನ್ ಟೌನಿನ ಸಾಹೇಬರು, ಕೇಕಿನ ಡಬ್ಬಿ ಹಿಡಿದು ನಮ್ಮ ಮನೆಗೇ ಬಂದರು. "ಭಾಭೀ, ಇವರು ಮೂರು ಹೊತ್ತೂ ಚೀಲ ಚೀಲ ಅಂತಾರೆ. ಏನದು?" ನಾನು ಪರದೆಯ ಹಿಂದಿದ್ದೆ. ಮುತ್ಯಾ ಹೇಳಲಿ ಅಂತ ಕಾದೆ. ಅವರು ಬೇಕೆಂದೇ ಕೇಕು ಬಾಯಿಗೆ ತುಂಬಿಕೊಂಡು ಕೂತರು. ಕೊನೆಗೆ ನಾನೇ ಹೊರಗೆ ಬಂದೆ. "ಖಾಲಿ ಚೀಲ ಅಂದ್ರ ಬ್ಯಾಡ ಅಂತಲ್ರಿ. ಎಂದಿನಂಗ ಒಂದು ಅಂತ. ಬ್ಯಾಡಂದ್ರ ಒಣ ಮೆಣಸಿನಕಾಯಿ ಹಾಕ್ತೀನಿ." ಸಾಹೇಬರು ಚಹಾ ಚೆಲ್ಲುವಷ್ಟು ನಕ್ಕರು. ಮೆಣಸಿನಕಾಯಿಯ ಮಾತು ಆ ಕ್ಷಣದಲ್ಲಿ ಹೊಳೆದದ್ದು. ಮರುದಿನದಿಂದ ಅದೇ ಕಾನೂನಾಯಿತು. ಆಫೀಸು ಉಳಿಯಿತು. ದೀಪಾವಳಿಗೆ ಊರಿಗೆ ಹೋದಾಗ ಮೈದುನರು ಮುತ್ಯಾನ ಚೀಲ ತಾವೇ ಹೊತ್ತರು.

ಇವತ್ತು ಬೆಳಿಗ್ಗೆ ನಾನು ಬಾಗಿಲು ತೆರೆದುಕೊಂಡೇ ಕಾದೆ. ಹೊಸಬ ಬಂದ. ಖಾಲಿ ಚೀಲಕ್ಕೆ ಒಂದು ಪಾಕೀಟು ಇಳಿಬಿಟ್ಟ.

"ನಿನಗ ಯಾರು ಹೇಳಿದ್ರಪ್ಪಾ?"

"ಹಳೇ ಹುಡುಗ ಹೇಳ್ದ ಅಜ್ಜಿ. ಅವನಿಗೆ ಮುನಿಸ್ವಾಮಿ ಮಾವ ಹೇಳಿದ್ನಂತೆ. ಈ ಮನೇಲಿ ಖಾಲಿ ಅಂದ್ರೆ ಒಂದು. ಮೆಣಸಿನಕಾಯಿ ಅಂದ್ರೆ ಇಲ್ಲ."

"ಚೀಲ್ದಾಗ ಅಂಗಿ ಗುಂಡಿ ಬಿದ್ದಿದ್ರ?"

ಅವನು ನನ್ನನ್ನೊಮ್ಮೆ ನೋಡಿ, ಸೈಕಲ್ ಹತ್ತುತ್ತಾ ಹೇಳಿದ, "ಆಗ್ಲೂ ಒಂದೇ. ಇನ್ನೇನು ಮಾಡ್ತಾರೆ?"